ಆಯಿಯ ಹೆಸರಿಡಲಾಗದ ಒಂದು ಚಿಪ್ಪು

ಚಳಿಗಾಲದಲ್ಲಿ ಇಲ್ಲಿ ಭಾನುವಾರ ಬೆಳಿಗ್ಗೆ ಎಂಟು ಗಂಟೆಯಾದರೆ ಊರಿನಲ್ಲಿ ಮಧ್ಯಾಹ್ನ ಒಂದೂವರೆ. ಊಟ ಮುಗಿಸಿದ ಅಪ್ಪ ಮನೆಯ ಮುಂದಿನ ಕಟ್ಟೆಯ ಮೇಲೆ ಕುಳಿತು ನನಗೆ ಫೋನು ಮಾಡುವ ಹೊತ್ತು ಅದು. ಕಳೆದ ವರ್ಷ ಸುಮಾರು ಎಂಟು ತಿಂಗಳ ಕಾಲ ಅವರ ಮೊದಲ ಪ್ರಶ್ನೆ ಒಂದೇ ಆಗಿತ್ತು: ‘ಹೆಸರ ಇಟ್ಟ್ಯೇನವ್ವಾ?’

‘ಇನ್ನಾ ಇಲ್ಲಪ್ಪಾ’ ಎಂದು ನಾನು ಹೇಳುತ್ತಿದ್ದೆ. ಈ ಮಾತು ಪಕ್ಕದ ಮನೆಯವರ ಕಿವಿಗೆ ಬಿದ್ದು, ‘ನಿಮ್ಮ ಮಗಳಿಗೆ ಮದುವೆ ಯಾವಾಗಾಯಿತು, ಕೂಸು ಯಾವಾಗಾಯಿತು’ ಎಂದು ಅವ್ವನನ್ನು ಕೇಳಿದ್ದರಂತೆ. ಅವ್ವ ನಕ್ಕು, ‘ಕೂಸಲ್ಲ, ಹುಳ’ ಎಂದಿದ್ದಾಳೆ. ಅವರಿಗೆ ಗೊಂದಲ ಇನ್ನಷ್ಟು ಹೆಚ್ಚಿತು.

ನಾನು ಇಂಗ್ಲೆಂಡಿನ ಲೆಸ್ಟರ್ ನಗರದಲ್ಲಿ ಭೂವಿಜ್ಞಾನದ ಪಿಎಚ್‌ಡಿ ವಿದ್ಯಾರ್ಥಿನಿ. ಹುಟ್ಟಿ ಬೆಳೆದದ್ದು ಯಾದಗಿರಿ ಜಿಲ್ಲೆಯಲ್ಲಿ. ವಿದೇಶದಲ್ಲಿ ಓದುವ ಮಕ್ಕಳು ಏನು ಮಾಡುತ್ತಾರೆಂದು ಊರಿನವರು ಕೇಳಿದಾಗ ಕಂಪ್ಯೂಟರ್ ಎಂದರೆ ಮಾತು ಅಲ್ಲಿಗೆ ಮುಗಿಯುತ್ತದೆ. ಕಲ್ಲಿನೊಳಗಿನ ಹುಳ ಎಂದರೆ ಮುಗಿಯುವುದಿಲ್ಲ. ಆದ್ದರಿಂದ ಆ ಹುಳದ ಕಥೆಯನ್ನು, ಅದಕ್ಕೆ ನಾನು ಹೆಸರಿಡಲು ಹೊರಟದ್ದನ್ನು ಮತ್ತು ಕೊನೆಗೆ ಇಡದೆ ಬಿಟ್ಟದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಗಸಗಸೆಗಿಂತ ಚಿಕ್ಕ ಜೀವ

ಆ ಹುಳಕ್ಕೆ ಆಸ್ಟ್ರಕಾಡ್ ಎಂದು ಹೆಸರು. ನಿಜ ಹೇಳಬೇಕೆಂದರೆ ಅದು ಹುಳವಲ್ಲ, ಸೀಗಡಿ ಏಡಿಗಳ ಬಳಗಕ್ಕೆ ಸೇರಿದ ಜಲಚರ. ಅವರೆಕಾಳಿನ ಎರಡು ಬೇಳೆಗಳಂತೆ ಎರಡು ಸುಣ್ಣದ ಚಿಪ್ಪುಗಳು ಅದರ ಮೈಯನ್ನು ಮುಚ್ಚಿರುತ್ತವೆ. ಬೆನ್ನಿನ ಕಡೆ ಬಾಗಿಲಿನ ಕೀಲಿನಂಥ ಜೋಡಣೆ ಇರುತ್ತದೆ, ಹೊಟ್ಟೆಯ ಕಡೆ ಚಿಪ್ಪು ತೆರೆದು ಮುಚ್ಚುತ್ತದೆ. ಗ್ರೀಕ್ ಭಾಷೆಯಲ್ಲಿ ‘ಆಸ್ಟ್ರಕಾನ್’ ಎಂದರೆ ಚಿಪ್ಪು ಅಥವಾ ಮಡಕೆಯ ಬೋಕಿ. ಫ್ರಾನ್ಸಿನ ಪ್ರಾಣಿಶಾಸ್ತ್ರಜ್ಞ ಲಾತ್ರೆಯ್ 1802ರಲ್ಲಿ ಈ ಬಳಗಕ್ಕೆ ಆ ಹೆಸರು ಕೊಟ್ಟ. ಹೆಚ್ಚಿನವುಗಳ ಉದ್ದ ಅರ್ಧದಿಂದ ಎರಡು ಮಿಲಿಮೀಟರ್. ನಾನು ನೋಡುತ್ತಿದ್ದವು ಅದಕ್ಕೂ ಚಿಕ್ಕವು, ಗಸಗಸೆಯ ಅರ್ಧದಷ್ಟೂ ಇಲ್ಲ.

ಸಮುದ್ರ, ಕೆರೆ, ಬಾವಿ, ಭತ್ತದ ಗದ್ದೆ, ಹೀಗೆ ನೀರು ನಿಂತಲ್ಲೆಲ್ಲ ಇವು ಇಂದಿಗೂ ಬದುಕಿವೆ. ಸಿಹಿನೀರಿನ ಹಲವು ಪ್ರಭೇದಗಳ ಮೊಟ್ಟೆಗಳು ಕೆರೆ ಬತ್ತಿದ ಮೇಲೂ ಒಣ ಮಣ್ಣಿನಲ್ಲಿ ವರ್ಷಗಟ್ಟಲೆ ಜೀವ ಹಿಡಿದಿರುತ್ತವೆ. ಹತ್ತೊಂಬತ್ತನೆಯ ಶತಮಾನದಲ್ಲಿ ನಾರ್ವೆಯ ವಿಜ್ಞಾನಿ ಜಿ. ಓ. ಸಾರ್ಸ್ ಆಸ್ಟ್ರೇಲಿಯಾದಿಂದ ಒಣಗಿದ ಕೆಸರನ್ನು ತರಿಸಿ, ಅದಕ್ಕೆ ನೀರು ಹಾಕಿ, ಸಾವಿರಾರು ಮೈಲಿ ದೂರದ ತನ್ನ ಊರಿನಲ್ಲಿ ಆಸ್ಟ್ರಕಾಡ್‌ಗಳನ್ನು ಹುಟ್ಟಿಸಿ ಸಾಕಿದ್ದ.

ಪ್ರಾಣಿ ಸತ್ತ ಮೇಲೆ ಮೆತ್ತಗಿನ ಮೈ ಕೊಳೆತುಹೋಗುತ್ತದೆ. ಸುಣ್ಣದ ಚಿಪ್ಪು ಕೆಸರಿನಲ್ಲಿ ಹೂತು ಉಳಿಯುತ್ತದೆ. ಹೀಗೆ ಉಳಿದ ಚಿಪ್ಪುಗಳು ನಲವತ್ತೈದು ಕೋಟಿ ವರ್ಷಗಳಷ್ಟು ಹಿಂದಿನ ಶಿಲೆಗಳಲ್ಲೂ ಸಿಗುತ್ತವೆ. ಯಾವ ಪದರ ಯಾವ ಕಾಲದ್ದು, ಅಲ್ಲಿದ್ದ ನೀರು ಸಿಹಿಯೋ ಉಪ್ಪೋ, ಆಳವೋ ತೆಳುವೋ ಎಂಬುದನ್ನು ಅವುಗಳಿಂದ ತಿಳಿಯಬಹುದು. ತೈಲ ಕಂಪನಿಗಳು ಬಾವಿ ಕೊರೆಯುವಾಗ ಇಂಥ ಸೂಕ್ಷ್ಮ ಪಳೆಯುಳಿಕೆಗಳನ್ನು ಓದಬಲ್ಲವರನ್ನು ಕೆಲಸಕ್ಕೆ ಇಟ್ಟುಕೊಳ್ಳುತ್ತಿದ್ದುದು ಇದೇ ಕಾರಣಕ್ಕೆ.

ಗುರುಮಠಕಲ್‌ನ ಕೆರೆ

ಈ ವಿದ್ಯೆಯಲ್ಲಿ ಬ್ರಿಟನ್ನಿಗೂ ನಮ್ಮ ಸೀಮೆಗೂ ಹಳೆಯ ನಂಟಿದೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖ್ಖನ್ನಿನಲ್ಲಿ ಲಾವಾ ಪದರಪದರವಾಗಿ ಹರಿಯಿತು. ಒಂದು ಹರಿವು ಆರಿ ಇನ್ನೊಂದು ಬರುವ ನಡುವಿನ ಬಿಡುವಿನಲ್ಲಿ ಕೆರೆಗಳು ಹುಟ್ಟಿದವು, ಜೀವಿಗಳು ನೆಲೆಸಿದವು. ಮುಂದಿನ ಲಾವಾ ಬಂದು ಆ ಕೆಸರನ್ನು ಮುಚ್ಚಿತು. ದಖ್ಖನ್ ಲಾವಾ ಹಾಸಿನ ಆಗ್ನೇಯ ಅಂಚಿನಲ್ಲಿರುವ ಗುರುಮಠಕಲ್ ಸುತ್ತಮುತ್ತ ಅಂಥ ಪದರಗಳಿವೆ. ವೇಲ್ಸ್‌ನ ಅಬೆರಿಸ್ಟ್‌ವಿತ್ ವಿಶ್ವವಿದ್ಯಾಲಯದಲ್ಲಿದ್ದ ರಾಬಿನ್ ವಾಟ್ಲಿ, ಭಾರತದ ಸುನಿಲ್ ಬಾಜಪೇಯಿ ಮತ್ತು ಅವರ ಸಂಗಡಿಗರು ಅವಿಭಜಿತ ಗುಲ್ಬರ್ಗಾ ಜಿಲ್ಲೆಯ ಈ ಪದರಗಳ ಆಸ್ಟ್ರಕಾಡ್‌ಗಳ ಬಗೆಗೆ 2002ರಲ್ಲಿ ಪ್ರಬಂಧ ಪ್ರಕಟಿಸಿದರು. ಎಂ.ಎಸ್‌ಸಿ. ಓದುವಾಗ ಆ ಪ್ರಬಂಧದ ಛಾಯಾಪ್ರತಿ ನನ್ನ ಕೈಗೆ ಬಂತು. ನಮ್ಮ ಹೊಲದ ಆಚೆಯ ಮಣ್ಣನ್ನು ಜಗತ್ತಿನ ಇನ್ನೊಂದು ತುದಿಯಲ್ಲಿ ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದ್ದಾರೆ ಎಂಬ ಬೆರಗು ನನ್ನನ್ನು ಇಲ್ಲಿಯವರೆಗೆ ಕರೆತಂದಿತು.

ಎರಡು ವರ್ಷಗಳ ಹಿಂದೆ ರಜೆಗೆ ಹೋದಾಗ ಅಪ್ಪನ ಬೈಕಿನಲ್ಲಿ ಹೋಗಿ, ಹೊಲದ ಒಡೆಯರನ್ನು ಕೇಳಿ, ಒಂದು ಹಳ್ಳದ ದಂಡೆಯಿಂದ ಬೂದುಬಣ್ಣದ ಜೇಡಿಯನ್ನು ಪದರವಾರು ಚೀಲಗಳಲ್ಲಿ ತುಂಬಿದೆ. ನಮ್ಮ ಜತೆಗೂಡಿ ಕೆಲಸ ಮಾಡುವ ಭಾರತದ ಪ್ರಯೋಗಾಲಯವೊಂದರ ಮೂಲಕ, ಕಾಗದಪತ್ರಗಳೊಡನೆ, ಅದರ ಒಂದು ಪಾಲು ಇಲ್ಲಿಗೆ ಬಂತು. ಕೆಲಸ ಮುಗಿದ ಮೇಲೆ ನಮೂನೆಗಳು ಭಾರತಕ್ಕೆ ಮರಳಬೇಕೆಂಬುದು ಒಪ್ಪಂದ.

ಜೇಡಿಯನ್ನು ಹೈಡ್ರೋಜನ್ ಪೆರಾಕ್ಸೈಡ್ ಬೆರೆಸಿದ ನೀರಿನಲ್ಲಿ ನೆನೆಸಿ, ಮಿಲಿಮೀಟರಿನ ಹದಿನಾರನೆಯ ಒಂದು ಪಾಲಿನಷ್ಟು ಕಂಡಿಯ ಜರಡಿಯಲ್ಲಿ ತೊಳೆದರೆ ಮರಳಿನಂಥ ಪುಡಿ ಉಳಿಯುತ್ತದೆ. ಅದನ್ನು ಒಣಗಿಸಿ, ಕಪ್ಪು ತಟ್ಟೆಯ ಮೇಲೆ ತೆಳ್ಳಗೆ ಹರಡಿ, ಸೂಕ್ಷ್ಮದರ್ಶಕದಲ್ಲಿ ನೋಡುತ್ತ ಒಂದೆಳೆಯಷ್ಟು ಸಣ್ಣ ಕುಂಚದ ತುದಿಯನ್ನು ಒದ್ದೆ ಮಾಡಿ ಚಿಪ್ಪುಗಳನ್ನು ಒಂದೊಂದಾಗಿ ಹೆಕ್ಕಬೇಕು. ಇದಕ್ಕೆ ಯಂತ್ರವಿಲ್ಲ, ಕಣ್ಣೇ ಬೇಕು.

ಆ ಕಣ್ಣು ನನಗೆ ಬಂದದ್ದು ಆಯಿಯಿಂದ. ನಮ್ಮ ಕಡೆ ಅಜ್ಜಿಯನ್ನು ಆಯಿ ಎನ್ನುತ್ತೇವೆ. ಮೊರದಲ್ಲಿ ತೊಗರಿ ಹರಡಿಕೊಂಡು ಹರಳು ಆರಿಸುವಾಗ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಳ್ಳುತ್ತಿದ್ದಳು. ಬೇಳೆಯಂತೆಯೇ ಕಾಣುವ ಹರಳನ್ನು ಅವಳ ಬೆರಳು ನೋಡದೆಯೇ ಹಿಡಿಯುತ್ತಿತ್ತು. ನಾನು ಇಲ್ಲಿಗೆ ಬಂದ ಮೊದಲ ಚಳಿಗಾಲದಲ್ಲಿ ಆಯಿ ತೀರಿಕೊಂಡಳು. ಪ್ರಯೋಗಾಲಯದ ತರಬೇತಿ ಅದೇ ವಾರ ಇತ್ತು, ಕೈಯಲ್ಲಿ ಟಿಕೆಟ್ಟಿಗೆ ದುಡ್ಡಿರಲಿಲ್ಲ. ಮಣ್ಣು ಮಾಡುವುದನ್ನು ನಾನು ಫೋನಿನ ಪರದೆಯಲ್ಲಿ ನೋಡಿದೆ. ವಿದೇಶದಲ್ಲಿರುವವರ ಮನೆಗಳಲ್ಲಿ ಇಂಥ ಒಂದು ಕಥೆ ಇದ್ದೇ ಇರುತ್ತದೆ, ಹೆಚ್ಚು ಹೇಳಬೇಕಿಲ್ಲ.

ಆದ್ದರಿಂದ ಮೂರನೆಯ ಚೀಲದ ಪುಡಿಯಲ್ಲಿ ಯಾವ ಪುಸ್ತಕದಲ್ಲೂ ಕಾಣದ ಚಿಪ್ಪೊಂದು ಸಿಕ್ಕಾಗ ಮೊದಲು ಹೊಳೆದದ್ದು ಆಯಿಯ ಹೆಸರು.

ಹೆಸರಿಡುವ ಶಾಸ್ತ್ರ

ಹೊಸ ಪ್ರಭೇದಕ್ಕೆ ಹೆಸರಿಡುವುದಕ್ಕೆ ಅಂತರರಾಷ್ಟ್ರೀಯ ನಿಯಮಾವಳಿ ಇದೆ. ಅದು ಹಿಂದಿನ ಯಾವುದಕ್ಕೂ ಸೇರದು ಎಂಬುದನ್ನು ಲಕ್ಷಣಗಳ ಮೂಲಕ ತೋರಿಸಬೇಕು. ‘ಹೋಲೋಟೈಪ್’ ಎಂದು ಕರೆಯುವ ಒಂದೇ ಒಂದು ನಮೂನೆಯನ್ನು ಆ ಹೆಸರಿನ ಆಧಾರವಾಗಿ ಆರಿಸಿ, ಮುಂದಿನವರು ನೋಡಬಲ್ಲಂತೆ ಸಂಗ್ರಹಾಲಯದಲ್ಲಿ ಇಡಬೇಕು. ವಿವರಣೆ ಪ್ರಕಟವಾಗಬೇಕು. ಹೆಂಗಸಿನ ಹೆಸರಿನಿಂದ ಪ್ರಭೇದನಾಮ ಮಾಡಿದರೆ ಕೊನೆಗೆ ಲ್ಯಾಟಿನ್ನಿನ ‘ಏ’ ಪ್ರತ್ಯಯ ಸೇರುತ್ತದೆ. ಆಯಿಯ ಹೆಸರಿಗೆ ಅದನ್ನು ಸೇರಿಸಿ ಟಿಪ್ಪಣಿ ಪುಸ್ತಕದ ಅಂಚಿನಲ್ಲಿ ಎಷ್ಟು ಸಲ ಬರೆದೆನೋ ಲೆಕ್ಕವಿಲ್ಲ.

ಪ್ರೀತಿಯವರ ಹೆಸರಿಡುವುದು ಈ ಕ್ಷೇತ್ರದಲ್ಲಿ ಹೊಸತೇನಲ್ಲ. ವೇಲ್ಸ್ ಗಡಿಯ ಹೆರೆಫರ್ಡ್‌ಷೈರ್‌ನಲ್ಲಿ 42.5 ಕೋಟಿ ವರ್ಷಗಳ ಹಿಂದೆ ಸಮುದ್ರತಳದ ಜೀವಿಗಳು ಜ್ವಾಲಾಮುಖಿಯ ಬೂದಿಯಲ್ಲಿ ಹೂತುಹೋದವು. ಅಲ್ಲಿ ಚಿಪ್ಪಿನ ಜತೆಗೆ ಕಾಲು, ಕಣ್ಣು, ಕಿವಿರುಗಳ ರೂಪವೂ ಉಳಿದಿದೆ, ಇದು ಅತಿ ಅಪರೂಪ. ಲೆಸ್ಟರ್ ವಿಶ್ವವಿದ್ಯಾಲಯದ ಡೇವಿಡ್ ಸಿವೆಟರ್ ಮತ್ತು ಸಂಗಡಿಗರು ಆ ಗಂಟುಕಲ್ಲುಗಳನ್ನು ಮಿಲಿಮೀಟರಿನ ಕೆಲವೇ ನೂರನೆಯ ಪಾಲಿನಷ್ಟು ಸವೆಸುವುದು, ಚಿತ್ರ ತೆಗೆಯುವುದು, ಮತ್ತೆ ಸವೆಸುವುದು, ಹೀಗೆ ಮಾಡಿ ನೂರಾರು ಚಿತ್ರಗಳನ್ನು ಕಂಪ್ಯೂಟರಿನಲ್ಲಿ ಜೋಡಿಸಿ ಪ್ರಾಣಿಯ ಪೂರ್ಣ ಆಕಾರವನ್ನು ಮರಳಿ ಪಡೆದರು. ಕಲ್ಲು ಪುಡಿಯಾಗಿ ಹೋಗುತ್ತದೆ, ಚಿತ್ರ ಉಳಿಯುತ್ತದೆ. 2003ರಲ್ಲಿ ಅವರು ಪ್ರಕಟಿಸಿದ ‘ಕೊಲಿಂಬೊಸಾಥಾನ್’ ಎಂಬ ಆಸ್ಟ್ರಕಾಡ್ ಗಂಡು ಎಂಬುದು ಅದರ ಅಂಗದಿಂದಲೇ ಸ್ಪಷ್ಟವಾಗಿ ತಿಳಿದು ಜಗತ್ತಿನ ಪತ್ರಿಕೆಗಳಲ್ಲೆಲ್ಲ ಸುದ್ದಿಯಾಗಿತ್ತು. 2012ರಲ್ಲಿ ವರ್ಣಿಸಿದ ಇನ್ನೊಂದಕ್ಕೆ ಸಿವೆಟರ್ ಅವರ ದಿವಂಗತ ಪತ್ನಿಯ ನೆನಪಿನಲ್ಲಿ ‘ಪೌಲೀನ್ ಏವಿಬೆಲ್ಲಾ’ ಎಂಬ ಹೆಸರು ಬಂತು. ನಾನು ಓಡಾಡುವ ಊರಿನಲ್ಲೇ ಇಂಥ ನಾಮಕರಣ ಆಗಿರುವಾಗ ನನ್ನ ಆಸೆ ಅತಿಯೆಂದು ನನಗೆ ಅನ್ನಿಸಲಿಲ್ಲ.

ಒಟ್ಟು ಹತ್ತೊಂಬತ್ತು ಚಿಪ್ಪುಗಳು ಸಿಕ್ಕಿದ್ದವು. ಸ್ಕ್ಯಾನಿಂಗ್ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಚಿತ್ರ ತೆಗೆಯುವ ಮೊದಲು ಅವುಗಳಿಗೆ ಅತಿ ತೆಳುವಾದ ಚಿನ್ನದ ಲೇಪ ಕೊಡುತ್ತಾರೆ. ಇದನ್ನು ಹೇಳಿದಾಗ ಅವ್ವ, ‘ಹುಳಕ್ಕೂ ಬಂಗಾರ ಹಾಕತಾರೇನ? ನೀ ಒಂದು ಎಳಿ ಸರ ಹಾಕ್ಕೊಳ್ಳಂದ್ರ ಒಲ್ಲೆ ಅಂತಿ’ ಎಂದಳು. ಚಿತ್ರಗಳು ಚೆಲುವಾಗಿ ಬಂದವು. ಹೆಬ್ಬೆರಳಿನ ಗುರುತಿನಂತೆ ಚಿಪ್ಪಿನ ತುಂಬ ಸುತ್ತುಸುತ್ತಾದ ಏಣುಗೆರೆಗಳು. ಅದು ‘ಜೋನೊಸಿಪ್ರಿಸ್’ ಎಂಬ ಕುಲದ ಗುರುತು. ಕಛ್‌ನ ಲಕ್ಷ್ಮೀಪುರದ ಪದರಗಳಿಂದ ವಾಟ್ಲಿ ಮತ್ತು ಬಾಜಪೇಯಿ 2000ದಲ್ಲಿ ವರ್ಣಿಸಿದ ‘ಜೋನೊಸಿಪ್ರಿಸ್ ಸ್ಪೈರುಲ’ ಇದೇ ಕುಲದ್ದು. ನನ್ನವು ಅದಕ್ಕಿಂತ ಬೇರೆಯಾಗಿ ಕಂಡವು. ಉದ್ದ 0.31ರಿಂದ 0.33 ಮಿಲಿಮೀಟರ್ ಮಾತ್ರ, ಹಿಂತುದಿ ಚೂಪು, ಗೆರೆಗಳು ಕಡಿಮೆ ಮತ್ತು ಮಸುಕು. ಮೂರು ವ್ಯತ್ಯಾಸಗಳು, ಹತ್ತೊಂಬತ್ತರಲ್ಲೂ ಒಂದೇ ರೀತಿ. ಪ್ರಬಂಧದ ಕರಡು ಬರೆಯತೊಡಗಿದೆ. ವಿದ್ಯಾರ್ಥಿವೇತನ ಮುಗಿಯಲು ಹದಿನಾಲ್ಕು ತಿಂಗಳು ಉಳಿದಿದ್ದವು. ಹೊಸ ಪ್ರಭೇದದ ಪ್ರಬಂಧವೊಂದು ಕೈಯಲ್ಲಿದ್ದರೆ ಮುಂದಿನ ಕೆಲಸಕ್ಕೆ ಅರ್ಜಿ ಹಾಕುವಾಗ ಅದರ ತೂಕವೇ ಬೇರೆ.

ಒಳಗನ್ನು ನೋಡಿದ್ದೀಯಾ?

ಕರಡು ಓದಿದ ನನ್ನ ಮಾರ್ಗದರ್ಶಕರು ಹೊಗಳಲೂ ಇಲ್ಲ, ತೆಗಳಲೂ ಇಲ್ಲ. ‘ಒಳಗನ್ನು ನೋಡಿದ್ದೀಯಾ?’ ಎಂದು ಮಾತ್ರ ಕೇಳಿದರು.

ನೋಡಿರಲಿಲ್ಲ. ಹತ್ತೊಂಬತ್ತೂ ಎರಡು ಚಿಪ್ಪು ಬಿಗಿದು ಮುಚ್ಚಿದ್ದವು, ಒಳಗೆ ಕೆಸರು ಗಟ್ಟಿಯಾಗಿತ್ತು. ಆಸ್ಟ್ರಕಾಡ್‌ನ ನಿಜವಾದ ಗುರುತುಪತ್ರ ಇರುವುದು ಚಿಪ್ಪಿನ ಒಳಮೈಯಲ್ಲಿ. ಕೀಲಿನ ರಚನೆ, ಚಿಪ್ಪು ಮುಚ್ಚುವ ಸ್ನಾಯು ಅಂಟಿಕೊಂಡಿದ್ದ ಕಲೆಗಳು, ಅಂಚಿನ ಒಳಮಡಿಕೆ ಎಲ್ಲವೂ ಅಲ್ಲಿರುತ್ತವೆ. ಒಳಮಡಿಕೆ ಬೆಳೆದ ಪ್ರಾಣಿಯಲ್ಲಿ ಅಗಲವಾಗಿಯೂ ಎಳೆಯದರಲ್ಲಿ ತೀರ ಕಿರಿದಾಗಿಯೂ ಇರುತ್ತದೆ.

ಎಳೆಯದು ಎಂಬ ಮಾತು ಬಂದದ್ದೇ ನನ್ನ ಎದೆ ಧಸಕ್ಕೆಂದಿತು. ಆಸ್ಟ್ರಕಾಡ್ ಹಾವಿನಂತೆ ಪೊರೆ ಬಿಡುತ್ತದೆ, ಆದರೆ ಚಿಪ್ಪಿನ ಸಮೇತ. ನಾನು ನೋಡುವ ಬಳಗದಲ್ಲಿ ಮೊಟ್ಟೆಯಿಂದ ಹೊರಬಂದ ಮರಿ ಎಂಟು ಸಲ ಕಳಚಿಕೊಂಡು ಒಂಬತ್ತನೆಯ ಹಂತದಲ್ಲಿ ಪ್ರಾಯಕ್ಕೆ ಬರುತ್ತದೆ. ಹಾಗಾಗಿ ಒಂದೇ ಪ್ರಾಣಿ ಕೆಸರಿನಲ್ಲಿ ಒಂಬತ್ತು ಅಳತೆಯ ಚಿಪ್ಪುಗಳನ್ನು ಬಿಟ್ಟುಹೋಗಬಹುದು. ಮರಿಯ ಹಿಂಭಾಗ ಚೂಪಾಗಿರುವುದು, ಮೈಮೇಲಿನ ಅಲಂಕಾರ ಮಸುಕಾಗಿರುವುದು ಸಾಮಾನ್ಯ. ನಾನು ಹೊಸ ಪ್ರಭೇದದ ಲಕ್ಷಣಗಳೆಂದು ಬರೆದಿದ್ದವು ಮರಿಯ ಲಕ್ಷಣಗಳೂ ಆಗಬಹುದಿತ್ತು.

ಇದು ನನಗೆ ತಿಳಿಯದ ಸಂಗತಿಯಲ್ಲ, ಮೊದಲ ವರ್ಷದ ಪಾಠ. ಆದರೂ ಹತ್ತೊಂಬತ್ತರಲ್ಲಿ ಒಂದಾದರೂ ಬೆಳೆದದ್ದು ಇರಲೇಬೇಕಲ್ಲವೇ ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಬೇಕಾದದ್ದನ್ನು ಕಾಣಲು ಹೊರಟ ಕಣ್ಣು ಹೀಗೆಯೇ ಹೇಳುತ್ತದೆ.

ಮತ್ತೆ ತಟ್ಟೆಯ ಮುಂದೆ ಕುಳಿತೆ. ಮೂರನೆಯ ಚೀಲದ ಉಳಿದ ಪುಡಿಯನ್ನೆಲ್ಲ ನೋಡಲು ಐದು ವಾರ ಬೇಕಾಯಿತು. ಡಿಸೆಂಬರ್ ತಿಂಗಳಲ್ಲಿ ಇಲ್ಲಿ ಮಧ್ಯಾಹ್ನ ನಾಲ್ಕಕ್ಕೆ ಕತ್ತಲಾಗುತ್ತದೆ. ಕೆಲಸ ಮುಗಿಸಿ ಬೆಲ್‌ಗ್ರೇವ್ ರಸ್ತೆಯ ಗುಜರಾತಿ ಅಂಗಡಿಯಿಂದ ಜೋಳದ ಹಿಟ್ಟು ತಂದು ರೊಟ್ಟಿ ಬಡಿದು ಉಣ್ಣುವುದು, ಮರುದಿನ ಮತ್ತೆ ತಟ್ಟೆ. ಐದನೆಯ ವಾರದಲ್ಲಿ ಒಂದೇ ಒಂದು ಬಿಡಿ ಚಿಪ್ಪು ಸಿಕ್ಕಿತು, ಬೋರಲಾಗಿ ಬಿದ್ದಿತ್ತು. ಕುಂಚದಿಂದ ಮಗುಚಿ ಹಾಕಿದೆ. ಅಂಚಿನ ಒಳಮಡಿಕೆ ದಾರದಷ್ಟು ಕಿರಿದು.

ಆ ಮೇಲೆ ನಾಲ್ಕನೆಯ ಚೀಲವನ್ನು ತೆರೆದೆ, ಅದೇ ದಂಡೆಯಲ್ಲಿ ಒಂದು ಗೇಣು ಮೇಲಿನ ಪದರ. ಅಲ್ಲಿ ಬೆಳೆದವು ಇದ್ದವು, 0.40 ಮಿಲಿಮೀಟರ್ ಉದ್ದ, ದುಂಡಗಿನ ಹಿಂತುದಿ, ತುಂಬಿದ ಗೆರೆಗಳು. ಪೊರೆ ಬಿಟ್ಟಾಗಲೆಲ್ಲ ಪ್ರಾಣಿಯ ಗಾತ್ರ ಸುಮಾರು ಇಮ್ಮಡಿಯಾಗುತ್ತದೆ, ಅಂದರೆ ಉದ್ದ ಸುಮಾರು 1.26 ಪಟ್ಟು. ನನ್ನ 0.32ನ್ನು 1.26ರಿಂದ ಗುಣಿಸಿದರೆ ಬರುವುದು 0.40. ನನ್ನ ಹತ್ತೊಂಬತ್ತೂ ಕೊನೆಯ ಪೊರೆ ಬಿಡದ ಮರಿಗಳು. ಬೆಳೆದವುಗಳು ಪ್ರಕಟಿತ ಚಿತ್ರ ಮತ್ತು ಅಳತೆಗಳಲ್ಲಿರುವ ಸ್ಪೈರುಲದಿಂದ ಬೇರೆ ಎನ್ನಲು ನನಗೆ ಒಂದು ಲಕ್ಷಣವೂ ಸಿಗಲಿಲ್ಲ.

ಬೆಳೆದವುಗಳಿಲ್ಲದೆ ಮರಿಗಳಷ್ಟೇ ಒಂದು ಪದರದಲ್ಲಿ ಏಕೆ ಇದ್ದವು ಎಂಬುದಕ್ಕೂ ಉತ್ತರವಿತ್ತು. ನೀರಿನ ಮೆಲ್ಲನೆಯ ಸೆಳೆತ ಹಗುರವಾದ ಚಿಪ್ಪುಗಳನ್ನು ಒಯ್ದು ಒಂದೆಡೆ ಗುಡ್ಡೆ ಹಾಕುತ್ತದೆ, ಮೊರದಲ್ಲಿ ಕೇರಿದಾಗ ತೌಡು ಒಂದು ಕಡೆಗೆ ಸರಿಯುವಂತೆ. ಒಂದು ಪದರದಲ್ಲಿ ಯಾವ ಯಾವ ವಯಸ್ಸಿನ ಚಿಪ್ಪುಗಳಿವೆ ಎಂಬುದರಿಂದ ಅಲ್ಲಿನ ನೀರಿನ ನಡೆಯನ್ನು ಹೇಗೆ ತಿಳಿಯಬಹುದೆಂದು 1988ರಲ್ಲಿ ಬರೆದವರೂ ಅದೇ ರಾಬಿನ್ ವಾಟ್ಲಿ.

ಇಡದೆ ಬಿಟ್ಟ ಹೆಸರು

ಒಂದು ಸುಳ್ಳು ಹೆಸರಿನಿಂದ ಯಾರಿಗೆ ನಷ್ಟ ಎಂದು ಕೇಳಬಹುದು. ಆ ದಿನಗಳಲ್ಲಿ ನನ್ನ ಒಳಗೂ ಈ ಪ್ರಶ್ನೆ ಇತ್ತು. ನಷ್ಟವಿದೆ. ಆ ಲಾವಾ ಹರಿಯುವಾಗ ಭಾರತ ಮಡಗಾಸ್ಕರ್‌ನಿಂದ ಬೇರ್ಪಟ್ಟು ಸುಮಾರು ಎರಡು ಕೋಟಿ ವರ್ಷ ಕಳೆದಿತ್ತು. ಉತ್ತರಕ್ಕೆ ಸರಿಯುತ್ತಿತ್ತು, ಏಷ್ಯಾವನ್ನು ಇನ್ನೂ ಕೂಡಿರಲಿಲ್ಲ. ಆ ನಡುಗಡ್ಡೆಯ ಜೀವಿಗಳು ಎಷ್ಟರಮಟ್ಟಿಗೆ ಅಲ್ಲಿಯವೇ, ಎಷ್ಟು ಹೊರಗಿನಿಂದ ಬಂದವು ಎಂಬುದು ವಿದ್ವಾಂಸರು ಇಂದಿಗೂ ಚರ್ಚಿಸುವ ವಿಷಯ. ಆ ಚರ್ಚೆಯಲ್ಲಿ ಭಾರತದಲ್ಲಿ ಮಾತ್ರ ಸಿಗುವ ಆಸ್ಟ್ರಕಾಡ್ ಪ್ರಭೇದಗಳ ಎಣಿಕೆಯೂ ಒಂದು ಸಾಕ್ಷಿ. ಮರಿಗೊಂದು ಹೆಸರು, ತಾಯಿಗೊಂದು ಹೆಸರು ಇಟ್ಟರೆ ಆ ಎಣಿಕೆ ಸುಳ್ಳಾಗುತ್ತದೆ. ಅಲ್ಲದೆ ಈ ಶಾಸ್ತ್ರದಲ್ಲಿ ಎರಡು ಹೆಸರುಗಳು ಒಂದೇ ಪ್ರಭೇದಕ್ಕೆ ಸೇರಿದವೆಂದು ತಿಳಿದಾಗ ಮೊದಲಿನದೇ ನಿಲ್ಲುತ್ತದೆ, ನಂತರದ್ದು ‘ಕಿರಿಯ ಸಮಾನನಾಮ’ ಎಂಬ ಷರಾದೊಡನೆ ಪಟ್ಟಿಯ ಕೆಳಗೆ ಹೋಗುತ್ತದೆ. ಹತ್ತು ವರ್ಷದ ನಂತರ ಯಾವನೋ ವಿದ್ಯಾರ್ಥಿ ನನ್ನ ಆಯಿಯ ಹೆಸರಿನ ಮೇಲೆ ಆ ಷರಾ ಬರೆಯುವುದು ನನಗೆ ಬೇಕಿರಲಿಲ್ಲ.

ಕರಡನ್ನು ಬದಿಗಿಟ್ಟೆ. ಅದರ ಬದಲು ಆ ದಂಡೆಯ ಪದರಗಳಲ್ಲಿ ಮರಿ ಮತ್ತು ಬೆಳೆದ ಚಿಪ್ಪುಗಳ ಹಂಚಿಕೆಯಿಂದ ಕೆರೆಯ ನೀರಿನ ಬಗೆಗೆ ಏನು ಹೇಳಬಹುದು ಎಂಬುದು ನನ್ನ ಮಹಾಪ್ರಬಂಧದ ಒಂದು ಅಧ್ಯಾಯವಾಗುತ್ತಿದೆ. ಅದರಿಂದ ಪತ್ರಿಕೆಗಳಲ್ಲಿ ಸುದ್ದಿಯಾಗುವುದಿಲ್ಲ. ಅರ್ಜಿಯಲ್ಲಿ ‘ಹೊಸ ಪ್ರಭೇದ’ ಎಂಬ ಸಾಲು ಇರುವುದಿಲ್ಲ.

ಈ ದಾರಿಯಲ್ಲಿ ಬರಬೇಕೆಂದು ಊರಿನ ಕಾಲೇಜುಗಳಿಂದ ನನಗೆ ಬರೆಯುವ ತಮ್ಮ ತಂಗಿಯರಿಗೆ ಒಂದು ಮಾತು. ಇಂಗ್ಲಿಷ್ ಪರೀಕ್ಷೆ, ವೀಸಾ, ವಿದ್ಯಾರ್ಥಿವೇತನ ಇವುಗಳ ವಿವರ ಎಲ್ಲೆಡೆ ಸಿಗುತ್ತದೆ. ಸಿಗದೇ ಇರುವುದು ಕುಳಿತು ನೋಡುವ ಅಭ್ಯಾಸ. ಅದನ್ನು ಅಲ್ಲಿಯೇ ಕಲಿತು ಬನ್ನಿ. ಒಂದು ಜರಡಿ, ಒಂದು ಸಾಮಾನ್ಯ ಸೂಕ್ಷ್ಮದರ್ಶಕ, ನಿಮ್ಮೂರಿನ ಕೆರೆಯ ಒಂದು ಹಿಡಿ ಕೆಸರು ಸಾಕು, ಬದುಕಿರುವ ಆಸ್ಟ್ರಕಾಡ್‌ಗಳೇ ನಿಮಗೆ ಪಾಠ ಹೇಳುತ್ತವೆ. ಮತ್ತು ಇಲ್ಲಿಗೆ ಬಂದ ಮೇಲೆ, ಮನೆಯವರಿಗೆ ಹೇಳಲು ದೊಡ್ಡ ಸುದ್ದಿಯೊಂದು ಬೇಕೆಂಬ ಒತ್ತಡ ನಿಮ್ಮ ಕಣ್ಣಿನ ಮೇಲೆ ಕೂರದಂತೆ ನೋಡಿಕೊಳ್ಳಿ. ನನ್ನ ಕಣ್ಣಿನ ಮೇಲೆ ಎಂಟು ತಿಂಗಳು ಕೂತಿತ್ತು.

ಮನೆಗೆ ಹೇಳುವುದೇ ನನಗೆ ಎಲ್ಲಕ್ಕಿಂತ ಕಷ್ಟವಾಗಿತ್ತು. ಒಂದು ಭಾನುವಾರ ಅಪ್ಪ ಕೇಳುವ ಮೊದಲೇ ಹೇಳಿಬಿಟ್ಟೆ. ‘ಅದು ಹೊಸಾದಲ್ಲಪ್ಪಾ. ಮರಿ ಅದ. ಆಯಿ ಹೆಸರ ಇಡಾಕ ಆಗಂಗಿಲ್ಲ.’ ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. ಅವ್ವ ಫೋನು ಇಸಿದುಕೊಂಡಳು.

‘ಆಯಿ ಏನಂತಿದ್ಲು ನೆನಪೈತೇನು? ಹರಳಿಗೆ ಬ್ಯಾಳಿ ಅಂದ್ರ ಉಣ್ಣೋರ ಹಲ್ಲ ಮುರೀತೈತಿ. ಆರಿಸಿ ತಗದಿ, ಚಲೋ ಮಾಡಿದಿ. ಊಟ ಆತೇನು?’

ಆಗಿರಲಿಲ್ಲ. ಆಯಿತು ಎಂದೆ. ಮರುದಿನ ಹತ್ತೊಂಬತ್ತು ಚಿಪ್ಪುಗಳೂ ಆ ಬಿಡಿ ಚಿಪ್ಪೂ ಇರುವ ಸ್ಲೈಡ್‌ಗಳ ಮೇಲೆ ‘ಜೋನೊಸಿಪ್ರಿಸ್ ಸ್ಪೈರುಲ, ಮರಿ’ ಎಂದು ಬರೆದು, ಪದರದ ಸಂಖ್ಯೆ ಹಾಕಿ, ಭಾರತಕ್ಕೆ ಮರಳುವ ಪೆಟ್ಟಿಗೆಯಲ್ಲಿಟ್ಟೆ. ಐದನೆಯ ಚೀಲದ ಮಣ್ಣನ್ನು ನೀರಿಗೆ ಹಾಕಿದ್ದೇನೆ.